ಹೊಸ ಟರ್ಬೊ ಹಾಕಿಸಿದ ಮೇಲೂ ಹೊಗೆ ಯಾಕೆ?

ಓದುಗರ ಪ್ರಶ್ನೆ – ವಾಹನ ತಜ್ಞರ ಉತ್ತರ

ಪ್ರಶ್ನೆ: ನನ್ನದು 2014ರ ಡೀಸೆಲ್ ಕಾರು, 1248 ಸಿಸಿ ಎಂಜಿನ್, 1.4 ಲಕ್ಷ ಕಿ.ಮೀ. ಓಡಿದೆ. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಗಾಡಿ ಹೊರಗೆ ತಂದ ದಿನದಿಂದಲೇ ಸೈಲೆನ್ಸರಿನಲ್ಲಿ ನೀಲಿ ಬೆರೆತ ಬಿಳಿ ಹೊಗೆ. ಗ್ಯಾರೇಜಿನವರು ‘ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ’ ಎನ್ನುತ್ತಾರೆ. ಟರ್ಬೊ ಮಾರಿದವರು ‘ನಮ್ಮ ಮಾಲು ಸರಿಯಿದೆ, ನಿಮ್ಮ ಎಂಜಿನ್ನೇ ಹೋಗಿದೆ’ ಎನ್ನುತ್ತಾರೆ. ಯಾರನ್ನು ನಂಬಲಿ?
– ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಯಾರನ್ನೂ ನಂಬಬೇಡಿ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಎರಡು ಮೂರು ಕಡೆ ಬಿಚ್ಚಿ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಇನ್ನೊಂದು ಟರ್ಬೊಗೆ ದುಡ್ಡು ಹಾಕುವ ಮೊದಲು ಇಷ್ಟು ಆಗಲೇಬೇಕು.

ಗ್ಯಾರೇಜಿನವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಹಳೇ ಟರ್ಬೊ ಸಾಯುವಾಗ ಎಂಜಿನ್ ಆಯಿಲನ್ನು ಎರಡೂ ಕಡೆ ಉಗುಳಿರುತ್ತದೆ: ಒಂದು ಪಾಲು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಇನ್ನೊಂದು ಪಾಲು ಸೈಲೆನ್ಸರಿಗೆ. ಸೈಲೆನ್ಸರಿನೊಳಗೆ ನಿಂತ ಎಣ್ಣೆ ಬಿಸಿಗೆ ಕುದಿದು ಹೊಗೆಯಾಗಿ ಹೋಗಬೇಕು. ಸಿಲಿಂಡರಿನಲ್ಲಿ ಉರಿದ ಎಣ್ಣೆಯ ಹೊಗೆ ನೀಲಿ. ಆದರೆ ಟರ್ಬೊ ದಾಟಿದ ಮೇಲೆ ಸೈಲೆನ್ಸರಿನಲ್ಲಿ ಬರೀ ಆವಿಯಾದ ಎಣ್ಣೆಯ ಹೊಗೆ ದಟ್ಟ ಬಿಳಿ, ಕಣ್ಣು ಉರಿಸುವಂಥದು. ಹಾಗಾಗಿ ಬಿಳಿ ಕಂಡ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರಿಗೆ ನೀರು ಬರುತ್ತಿದೆ’ ಎಂದುಕೊಳ್ಳುವ ಅಗತ್ಯವಿಲ್ಲ. ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ 30ರಿಂದ 50 ಕಿ.ಮೀ. ಓಡಿಸಿ. ಹೊಗೆ ಹೋಗ್ತಾ ಹೋಗ್ತಾ ಕಮ್ಮಿಯಾದರೆ ಅದು ಹಳೇ ಎಣ್ಣೆ. ಅಷ್ಟು ಓಡಿದ ಮೇಲೂ ಮೊದಲಿನಷ್ಟೇ ಇದ್ದರೆ, ಅಥವಾ ಗೇಜ್ ಕಡ್ಡಿಯಲ್ಲಿ ಆಯಿಲ್ ಇಳಿಯುತ್ತಿದ್ದರೆ, ಹೊಸ ಎಣ್ಣೆ ಬರುತ್ತಿದೆ ಎಂದರ್ಥ. ‘ಓಡಿಸ್ತಾ ಸರಿಹೋಗುತ್ತೆ’ ಎಂಬ ಮಾತು ಅಲ್ಲಿಗೆ ಮುಗಿಯಿತು.

ಮುಂದಿನದನ್ನು ತಿಳಿಯಲು ಟರ್ಬೊ ಒಳಗೆ ಏನಿದೆ ಎಂಬುದು ಗೊತ್ತಿರಬೇಕು. ಎರಡು ತುದಿಯ ಚಕ್ರಗಳನ್ನು ಜೋಡಿಸುವ ಶಾಫ್ಟ್ ನಿಮಿಷಕ್ಕೆ ಒಂದೂವರೆ–ಎರಡು ಲಕ್ಷ ಸುತ್ತು ತಿರುಗುತ್ತದೆ, ಬೇರಿಂಗಿಗೂ ಶಾಫ್ಟಿಗೂ ನಡುವೆ ಎಣ್ಣೆಯ ಪದರ ಮಾತ್ರ. ಈ ವೇಗಕ್ಕೆ ರಬ್ಬರ್ ಸೀಲ್ ನಿಲ್ಲುವುದಿಲ್ಲ. ಅದಕ್ಕೇ ಎರಡೂ ತುದಿಯಲ್ಲಿ ಪಿಸ್ಟನ್ ರಿಂಗಿನಂಥ ಸಣ್ಣ ಉಕ್ಕಿನ ರಿಂಗುಗಳಿರುತ್ತವೆ. ಇವು ನಲ್ಲಿಯ ವಾಷರಿನ ಹಾಗೆ ಎಣ್ಣೆಯನ್ನು ತಡೆಯುವುದಿಲ್ಲ. ಹೊರಗಡೆ ಗಾಳಿಯ ಮತ್ತು ಬಿಸಿ ಅನಿಲದ ಒತ್ತಡ ಇರುತ್ತದೆ, ಒಳಗಡೆ ಎಣ್ಣೆ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಚೇಂಬರಿಗೆ (ಎಂಜಿನ್ ತಳದ ಎಣ್ಣೆ ತೊಟ್ಟಿ) ಹೋಗುತ್ತಿರುತ್ತದೆ. ಈ ಏರ್ಪಾಡು ಸರಿಯಿರುವಷ್ಟು ಹೊತ್ತು ಎಣ್ಣೆ ರಿಂಗ್ ದಾಟುವುದಿಲ್ಲ. ಮೇಲಿನಿಂದ ಆಯಿಲ್ ಪಂಪು ಒತ್ತಿ ಕಳಿಸುತ್ತಲೇ ಇದ್ದು, ಕೆಳಗಿನ ರಿಟರ್ನ್ ಪೈಪು ಅರ್ಧ ಮುಚ್ಚಿಕೊಂಡಿದ್ದರೆ? ಎಣ್ಣೆಗೆ ಬೇರೆ ದಾರಿಯಿಲ್ಲ. ಕಾರ್ಖಾನೆಯಿಂದ ಈಗಷ್ಟೇ ಬಂದ ಟರ್ಬೊ ಆದರೂ ಎರಡೂ ಕಡೆ ಸೋರುತ್ತದೆ. ಹೊಸ ಟರ್ಬೊ ಹೊಗೆ ಉಗುಳಿದ ಮಾತ್ರಕ್ಕೆ ಅದು ಕೆಟ್ಟಿದೆ ಎಂದು ಹಿಂದಿರುಗಿಸುವುದು ಇದರಿಂದಲೇ ತಪ್ಪಾಗುವುದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೆಕ್ಯಾನಿಕ್‌ಗೆ ಹೇಳಿ ಮೊದಲು ಬಿಸಿ ಕಡೆ ನೋಡಿಸಿ. ಟರ್ಬೊದಿಂದ ಸೈಲೆನ್ಸರಿಗೆ ಹೋಗುವ ಪೈಪು ಬಿಚ್ಚಿದರೆ ಟರ್ಬೈನ್ ಚಕ್ರ ಕಾಣುತ್ತದೆ. ಆಮೇಲೆ ಎಂಜಿನ್ನಿನಿಂದ ಟರ್ಬೊಗೆ ಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಮ್ಯಾನಿಫೋಲ್ಡ್ ಒಣಗಿ ಬರೀ ಮಸಿಯಿದ್ದು, ಟರ್ಬೈನಿನ ಹೊರಬಾಯಿ ಮಾತ್ರ ಎಣ್ಣೆಯಿಂದ ಒದ್ದೆಯಾಗಿದ್ದರೆ ಎಣ್ಣೆ ಟರ್ಬೊದಲ್ಲೇ ಬರುತ್ತಿದೆ. ಮ್ಯಾನಿಫೋಲ್ಡೇ ಜಿಡ್ಡು ಜಿಡ್ಡಾಗಿದ್ದರೆ ಎಣ್ಣೆ ಸಿಲಿಂಡರ್ ದಾಟಿ ಬಂದಿದೆ. ಅದು ಎಂಜಿನ್ನಿನ ಪಿಸ್ಟನ್ ರಿಂಗು, ವಾಲ್ವ್ ಸೀಲು, ಇಲ್ಲವೇ ಇಂಟರ್‌ಕೂಲರಿನಲ್ಲಿ ಉಳಿದ ಎಣ್ಣೆ.

ತಣ್ಣನೆ ಕಡೆಯದೂ ಇದೇ ಲೆಕ್ಕ. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪು ಒದ್ದೆಯಾಗಿದ್ದರೆ ಎಣ್ಣೆ ಟರ್ಬೊ ಮುಟ್ಟುವ ಮೊದಲೇ ಬ್ರೀದರ್ ಪೈಪಿನಿಂದ (ಚೇಂಬರಿನ ಗಾಳಿಯನ್ನು ಹೊರಬಿಡುವ ಪೈಪು) ಸೇರಿದೆ. ಒಳಬಾಯಿ ಒಣಗಿ, ಇಂಟರ್‌ಕೂಲರ್ ಕಡೆಯ ಹೊರಬಾಯಿ ತೊಯ್ದಿದ್ದರೆ ಟರ್ಬೊ ರಿಂಗ್ ದಾಟಿದೆ. ಹೋಸಿನ ಒಳಗೆ ಕೈಯಾಡಿಸಿದರೆ ಬೆರಳಿಗೆ ತೆಳು ಜಿಡ್ಡು ಹತ್ತುವುದು ಎಲ್ಲ ಡೀಸೆಲ್ ಗಾಡಿಯಲ್ಲೂ ಇದ್ದದ್ದೇ, ಅದಕ್ಕೆ ಗಾಬರಿ ಬೇಡ. ಹೋಸ್ ಬಗ್ಗಿಸಿದಾಗ ಎಣ್ಣೆ ಸುರಿದರೆ ಮಾತ್ರ ಲೆಕ್ಕಕ್ಕೆ.

ಟರ್ಬೊದಿಂದಲೇ ಬರುತ್ತಿದೆ ಎಂದು ಖಚಿತವಾದರೆ ರಿಟರ್ನ್ ಪೈಪು ಬಿಚ್ಚಿಸಿ. ಅಲ್ಲಿ ನೋಡಬೇಕಾದದ್ದು ಮುಖ್ಯವಾಗಿ ನಾಲ್ಕು. ಗ್ಯಾಸ್ಕೆಟ್ ಹಾಕುವ ಜಾಗಕ್ಕೆ ಪೇಸ್ಟ್ ಬಳಿದಿದ್ದಾರೆಯೇ? ಇದು ನಮ್ಮ ಕಡೆ ಬಹಳ ಸಾಮಾನ್ಯ. ಬೋಲ್ಟ್ ಬಿಗಿದಾಗ ಪೇಸ್ಟ್ ಒಳಕ್ಕೆ ಉಬ್ಬಿ, ದಾರದ ಹಾಗೆ ಇಳಿಬಿದ್ದು ತೂತನ್ನು ಅರ್ಧ ಮುಚ್ಚುತ್ತದೆ. ಟರ್ಬೊದ ಎಣ್ಣೆ ದಾರಿಯಲ್ಲಿ ಎಲ್ಲೂ ಪೇಸ್ಟ್ ಇರಕೂಡದು, ಬರೀ ಗ್ಯಾಸ್ಕೆಟ್. ಎರಡನೆಯದು, ಆ ಗ್ಯಾಸ್ಕೆಟಿನ ತೂತು ಪೈಪಿನ ತೂತಿಗೆ ಸರಿಯಾಗಿ ಕೂರುತ್ತದೆಯೇ? ಬೇರೆ ಮಾಡೆಲ್ಲಿನ ಗ್ಯಾಸ್ಕೆಟ್ ಬೋಲ್ಟಿಗೆ ಹೊಂದಿದರೂ ತೂತಿಗೆ ಅಡ್ಡ ನಿಲ್ಲಬಹುದು. ಮೂರನೆಯದು, ಪೈಪಿನ ಒಳಗೆ ಸುಟ್ಟ ಎಣ್ಣೆಯ ಕರಿ ಕಟ್ಟಿದೆಯೇ, ರಬ್ಬರ್ ಭಾಗ ಒಳಗೊಳಗೇ ಊದಿಕೊಂಡಿದೆಯೇ? ರಬ್ಬರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಆದ್ದರಿಂದ ಟಾರ್ಚ್ ಹಿಡಿದು ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದೆಯೇ ನೋಡಬೇಕು. ಕೊನೆಯದು, ಪೂರಾ ಟರ್ಬೊ ಬದಲು ನಡುವಿನ ಕೋರ್ ಮಾತ್ರ ಬದಲಿಸಿದ್ದರೆ ಅದನ್ನು ತಿರುಗಿಸಿ ಕೂರಿಸಿದ ಕೋನ. ಎಣ್ಣೆ ಇಳಿಯುವ ಬಾಯಿ ನೇರ ಕೆಳಮುಖವಾಗಿರಬೇಕು, ಹೆಚ್ಚೆಂದರೆ 35 ಡಿಗ್ರಿ ವಾಲಬಹುದು.

ಆಮೇಲೆ ಚೇಂಬರಿನ ಒತ್ತಡ. ರಿಟರ್ನ್ ಪೈಪು ಚೊಕ್ಕಟವಾಗಿದ್ದರೂ ಚೇಂಬರಿನಲ್ಲಿ ಗಾಳಿ ತುಂಬಿಕೊಂಡಿದ್ದರೆ ಎಣ್ಣೆ ಇಳಿಯುವುದಿಲ್ಲ. ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ, ಹಾಗೇ ಮೇಲಿಟ್ಟು ನೋಡಿ. ಮುಚ್ಚಳ ಕುಣಿದು ಪಕ್ಕಕ್ಕೆ ಬೀಳುವಷ್ಟು ಗಾಳಿ ಒದೆಯುತ್ತಿದ್ದರೆ ಅನುಮಾನ ಪಡಬೇಕು. ಖಚಿತ ಅಳತೆ ಬೇಕಿದ್ದರೆ ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ತುಂಬಿಸಿ, ಒಂದು ತುದಿಯನ್ನು ಗೇಜ್ ಕಡ್ಡಿಯ ಕೊಳವೆಗೆ ಸಿಕ್ಕಿಸಿ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ನೀರು ಎರಡೂ ಕಡೆ ಹೆಚ್ಚುಕಡಿಮೆ ಸಮ ನಿಲ್ಲುತ್ತದೆ, ಅಥವಾ ಎಂಜಿನ್ ಕಡೆಗೇ ಕೊಂಚ ಎಳೆಯುತ್ತದೆ. ಹೊರಗಡೆಗೆ ಕೆಲವು ಸೆಂಟಿಮೀಟರ್ ತಳ್ಳಿ, ರೇಸ್ ಕೊಟ್ಟ ಹಾಗೆಲ್ಲ ಇನ್ನೂ ಏರಿದರೆ ಮೊದಲು ಬ್ರೀದರ್ ಪೈಪು ಮತ್ತು ಎಣ್ಣೆ ಬೇರ್ಪಡಿಸುವ ಡಬ್ಬಿ ಕಟ್ಟಿದೆಯೇ ನೋಡಿಸಿ. ಅದು ಸರಿಯಿದ್ದರೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ. ಅಷ್ಟರ ಮಟ್ಟಿಗೆ ಬಂದರೆ ಮಾತ್ರ ‘ಎಂಜಿನ್ನೇ ಹೋಗಿದೆ’ ಎಂಬ ಮಾತನ್ನು ಒಪ್ಪಬೇಕು.

ಒಂದು ಸುಲಭದ ಪರೀಕ್ಷೆಯೂ ಇದೆ. ಹೊಗೆ ಬರುತ್ತಿರುವಾಗ ಐಡ್ಲಿಂಗಿನಲ್ಲೇ ಆ ಮುಚ್ಚಳ ತೆಗೆದು, ಬಾಯಿಗೆ ಬಟ್ಟೆ ಅಡ್ಡ ಹಿಡಿದು ಹತ್ತು ನಿಮಿಷ ಬಿಡಿ. ಹೊಗೆ ಇಳಿದರೆ ತೊಂದರೆ ಒತ್ತಡದ್ದು, ಟರ್ಬೊದ್ದಲ್ಲ.

ಇಷ್ಟೆಲ್ಲ ಸರಿಯಿದ್ದೂ ಟರ್ಬೊ ಸೋರಿದರೆ ಆಗ ಟರ್ಬೊ ವಾಪಸು ಕೊಡಿ. ಕೊಡುವ ಮೊದಲು ಶಾಫ್ಟ್ ಹಿಡಿದು ನೋಡಿ. ಪಕ್ಕಕ್ಕೆ ಅಲುಗಾಡುವುದು ಸ್ವಲ್ಪ ಇರಲೇಬೇಕು, ಎಣ್ಣೆ ಪದರಕ್ಕೆ ಬಿಟ್ಟ ಜಾಗ ಅದು. ಹಿಂದೆ ಮುಂದೆ ಎಳೆದಾಗ ಕೈಗೆ ಆಟ ಸಿಗಬಾರದು, ಚಕ್ರದ ಅಂಚು ಗೋಡೆಗೆ ಉಜ್ಜಿದ ಗುರುತೂ ಇರಬಾರದು.

ಪ್ರಶ್ನೆ: ಒಂದೇ ವರ್ಷದಲ್ಲಿ ಎರಡು ಟರ್ಬೊ ಹೋದವು. ಎರಡನೆಯದು 3,000 ಕಿ.ಮೀ. ಕೂಡ ಬಾಳಲಿಲ್ಲ. ಡೀಸೆಲ್ ಗಾಡಿ, ಬಾಡಿಗೆಗೆ ಓಡಿಸುತ್ತೇನೆ. ಮೂರನೆಯದು ಹಾಕಿಸುವ ಮೊದಲು ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲನೆಯದು ಯಾಕೆ ಹೋಯಿತು ಎಂದು ಯಾರೂ ನೋಡಲಿಲ್ಲ, ಅದೇ ಕಾರಣ ಎರಡನೆಯದನ್ನೂ ತಿಂದಿತು. ಬಿಚ್ಚಿಟ್ಟ ಹಳೇ ಟರ್ಬೊ ಇನ್ನೂ ಇದ್ದರೆ ಎಸೆಯಬೇಡಿ, ಕಾರಣ ಅದರ ಮೇಲೇ ಬರೆದಿರುತ್ತದೆ. ಶಾಫ್ಟ್ ನೀಲಿಗಟ್ಟಿದ್ದರೆ ಎಣ್ಣೆ ಸಿಗದೆ ಕಾದಿದೆ. ಬೇರಿಂಗಿನ ಮೇಲೆ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸ ಬಂದಿದೆ. ಗಾಳಿ ಕಡೆಯ ರೆಕ್ಕೆಗಳ ಮುಂಚೂಣಿ ಅಂಚು ಕೊರೆದುಹೋಗಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಬಂದಿದೆ.

ಬಾಡಿಗೆ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಎಣ್ಣೆ ಸಿಗದೆ ಹೋಗುವುದು. ಚೇಂಬರ್ ಬಿಚ್ಚಿಸಿ, ಎಣ್ಣೆ ಎಳೆಯುವ ಜಾಲರಿ ನೋಡಿ. ಆಯಿಲ್ ಬದಲಾವಣೆ ತಡವಾದ ಎಂಜಿನ್ನಿನಲ್ಲಿ ಅದಕ್ಕೆ ಕರಿ ಗಸಿ ಅಂಟಿರುತ್ತದೆ. ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರ್ ಸೋರುವ ಎಂಜಿನ್ನಿನಲ್ಲಂತೂ ಉರಿದ ಅನಿಲ ಹೆಡ್ಡಿನ ಎಣ್ಣೆಗೆ ಬೆರೆತು ಗಸಿ ಇನ್ನೂ ಬೇಗ ಕಟ್ಟುತ್ತದೆ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಗಟ್ಟಿ ಕಪ್ಪು ಇದ್ದರೆ ಆ ವಾಷರುಗಳನ್ನು ಬದಲಿಸದೆ ಟರ್ಬೊ ಮುಟ್ಟಬೇಡಿ. ಫ್ಲಶ್ ಆಯಿಲ್ ಹಾಕಿ ಗಸಿ ಕರಗಿಸುತ್ತೇವೆ ಎಂದರೆ ಬೇಡ ಎನ್ನಿ. ಅರ್ಧ ಕರಗಿದ ಗಸಿ ಚೂರಾಗಿ ಹೊಸ ಟರ್ಬೊದ ಸಣ್ಣ ತೂತಿಗೇ ಹೋಗಿ ಕೂರುತ್ತದೆ. ಚೇಂಬರ್ ಬಿಚ್ಚಿ ಕೈಯಲ್ಲೇ ತೊಳೆಯಬೇಕು.

ಟರ್ಬೊಗೆ ಎಣ್ಣೆ ತರುವ ಸಣ್ಣ ಪೈಪನ್ನು ತೊಳೆದು ಮತ್ತೆ ಹಾಕುವುದು ಸುಳ್ಳು ಉಳಿತಾಯ. ಎಕ್ಸಾಸ್ಟಿನ ಬಿಸಿಗೆ ಒಳಗೋಡೆಯ ಮೇಲೆ ಎಣ್ಣೆ ಸುಟ್ಟು ಪದರ ಕಟ್ಟಿರುತ್ತದೆ, ಗಾಳಿ ಊದಿದರೆ ಹೋಗುವುದಿಲ್ಲ. ಹೊಸ ಪೈಪು, ಹೊಸ ಬ್ಯಾಂಜೊ ಬೋಲ್ಟ್ (ಒಳಗೆ ಎಣ್ಣೆ ಹರಿಯುವ ತೂತಿರುವ ಬೋಲ್ಟ್), ಹೊಸ ತಾಮ್ರದ ವಾಷರ್ ಹಾಕಿಸಿ. ಕೆಲವು ಎಂಜಿನ್ನುಗಳಲ್ಲಿ ಆ ಬೋಲ್ಟಿನೊಳಗೆ ಕಡ್ಡಿಯಷ್ಟು ಸಣ್ಣ ಜಾಲರಿ ಫಿಲ್ಟರ್ ಇರುತ್ತದೆ, ಕಣ್ಣು ತಪ್ಪಿಸುತ್ತದೆ. ಹೊಸ ಬೋಲ್ಟಿನ ತೂತು ಹಳೆಯದರಷ್ಟೇ ಇದೆಯೇ ಎಂದು ಪಕ್ಕದಲ್ಲಿಟ್ಟು ನೋಡಿ. ಸಣ್ಣದಿದ್ದರೆ ಬೇರಿಂಗ್ ಒಣಗುತ್ತದೆ, ದೊಡ್ಡದಿದ್ದರೆ ಎಣ್ಣೆ ಉಕ್ಕಿ ಹೊಗೆ.

ಜೋಡಿಸುವಾಗ ಟರ್ಬೊದ ಎಣ್ಣೆ ಬಾಯಿಗೆ ಹೊಸ ಎಂಜಿನ್ ಆಯಿಲ್ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಕೆಳಗಿನಿಂದ ಹನಿ ಬರುವವರೆಗೆ ತುಂಬಿಸಬೇಕು. ಆಮೇಲೆ ಇಂಧನ ಹೋಗದಂತೆ ಮಾಡಿ 10–15 ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು, ನಡುನಡುವೆ ಸ್ಟಾರ್ಟರ್ ಮೋಟರಿಗೆ ಬಿಡುವು ಕೊಡಬೇಕು. ಸ್ಟಾರ್ಟ್ ಆದ ಮೇಲೆ ಮೂರು ನಾಲ್ಕು ನಿಮಿಷ ಐಡ್ಲಿಂಗ್, ಆಕ್ಸಿಲರೇಟರ್ ಮುಟ್ಟಬಾರದು. ಒಣ ಬೇರಿಂಗಿನ ಮೇಲೆ ಕೊಟ್ಟ ಒಂದೇ ಒಂದು ಜೋರು ರೇಸ್ ಹೊಸ ಟರ್ಬೊದ ಆಯಸ್ಸು ಮುಗಿಸಬಲ್ಲದು.

ಕೊನೆಗೆ ಎಣ್ಣೆ ಹರಿವು ಅಳೆಯಿರಿ. ರಿಟರ್ನ್ ಪೈಪನ್ನು ಎಂಜಿನ್ ಕಡೆ ಬಿಚ್ಚಿ, ಬಿಸಿ ತಡೆಯುವ ಉದ್ದ ಹೋಸ್ ಸಿಕ್ಕಿಸಿ ಡಬ್ಬಿಗೆ ಬಿಡಿ, ಎಂಜಿನ್ ಕಡೆಯ ಬಾಯಿ ಮುಚ್ಚಿ. ಐಡ್ಲಿಂಗಿನಲ್ಲಿ ಸರಿಯಾಗಿ 60 ಸೆಕೆಂಡು, ಅದಕ್ಕಿಂತ ಹೆಚ್ಚು ಬೇಡ. ಸಣ್ಣ ಡೀಸೆಲ್ ಎಂಜಿನ್ನಿನಲ್ಲಿ 300 ಮಿ.ಲೀ.ಗಿಂತ ಕಮ್ಮಿ ಬಂದರೆ ಎಣ್ಣೆ ಸಾಲುತ್ತಿಲ್ಲ, ಗಾಡಿ ಹೊರಗೆ ತೆಗೆಯಬೇಡಿ. ಬಂದ ಎಣ್ಣೆಯನ್ನು ವಾಪಸು ಹಾಕಿ ಇನ್ನೊಮ್ಮೆ ಅಳೆದು, ಎರಡೂ ಸಲ ಹತ್ತಿರ ಹತ್ತಿರ ಒಂದೇ ಬರುತ್ತದೆಯೇ ನೋಡಿ. ಎಣ್ಣೆ ಬಿಸಿಯಿರುತ್ತದೆ, ಕೈಗವಸು ಹಾಕಿಕೊಳ್ಳಿ.

ಪ್ರಶ್ನೆ: ಟರ್ಬೊ ಬದಲಿಸಿದ ಗಾಡಿಯನ್ನು ಟ್ರಯಲ್ ನೋಡುವಾಗ ಎಂಜಿನ್ ತಾನಾಗಿ ರೇಸ್ ಏರಿಸಿಕೊಂಡಿತು. ಕೀ ತೆಗೆದರೂ ನಿಲ್ಲಲಿಲ್ಲ, ರಸ್ತೆ ತುಂಬ ಹೊಗೆ. ಯಾಕೆ ಹೀಗಾಯಿತು?
– ಓದುಗರು, ಶಿವಮೊಗ್ಗ

ಉತ್ತರ: ಇಂಟರ್‌ಕೂಲರ್ ತೊಳೆಯದೆ ಗಾಡಿ ಸ್ಟಾರ್ಟ್ ಮಾಡಿದ್ದರ ಫಲ ಇದು, ಬಹುಮಟ್ಟಿಗೆ. ಹಳೇ ಟರ್ಬೊ ಬಿಟ್ಟ ಎಣ್ಣೆ ಇಂಟರ್‌ಕೂಲರಿನ ತಳದಲ್ಲಿ ನಿಂತಿರುತ್ತದೆ. ಹೊಸ ಟರ್ಬೊ ಜೋರಾಗಿ ಗಾಳಿ ತಳ್ಳಿದಾಗ ಅದೆಲ್ಲ ಒಮ್ಮೆಗೇ ಎಂಜಿನ್ನಿಗೆ ಹೋಗುತ್ತದೆ. ಡೀಸೆಲ್ ಎಂಜಿನ್ನಿಗೆ ಎಣ್ಣೆಯೂ ಇಂಧನವೇ. ಕೀ ತೆಗೆದರೆ ನಿಲ್ಲುವುದು ಡೀಸೆಲ್ ಮಾತ್ರ, ಎಣ್ಣೆಯಲ್ಲ.

ಇಂಥ ಹೊತ್ತಿನಲ್ಲಿ ಗೇರ್ ಗಾಡಿಯಾದರೆ ಬ್ರೇಕ್ ಪೂರ್ತಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ ಕ್ಲಚ್ ಒಮ್ಮೆಲೇ ಬಿಡಿ, ಎಂಜಿನ್ ಅದುಮಿಕೊಂಡು ನಿಲ್ಲುತ್ತದೆ. ಮುಂದೆ ಯಾರೂ ನಿಂತಿರಬಾರದು. ಆಟೊಮ್ಯಾಟಿಕ್‌ನಲ್ಲಿ ಇದು ಆಗದು, ಗಾಳಿ ದಾರಿ ಮುಚ್ಚಬೇಕು. ಹಲಗೆಯೋ ಗಟ್ಟಿ ರಬ್ಬರ್ ಹಾಳೆಯೋ ಆಗಬಹುದು, ಕಾರ್ಬನ್ ಡೈ ಆಕ್ಸೈಡ್ ನಂದಕವಿದ್ದರೆ ಅದನ್ನು ಗಾಳಿ ಬಾಯಿಗೆ ಬಿಡಬಹುದು. ಕೈ ಅಥವಾ ಬಟ್ಟೆ ಒಡ್ಡಬೇಡಿ, ಎಳೆದುಕೊಳ್ಳುತ್ತದೆ. ಸಲಕರಣೆ ಇಲ್ಲದಿದ್ದರೆ ದೂರ ಸರಿಯಿರಿ. ಎಂಜಿನ್ ಹೋದರೆ ಹೋಗಲಿ.

ಇಂಟರ್‌ಕೂಲರ್ ತೊಳೆಯುವುದು ಹೀಗೆ: ಬಿಚ್ಚಿ, ಬಾಯಿ ಕೆಳಗೆ ಮಾಡಿ ರಾತ್ರಿಯಿಡೀ ಸೋರಲು ಬಿಡಿ. ಒಂದು ಲೀಟರಿನಷ್ಟು ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ ಕುಲುಕಿ ಚೆಲ್ಲಿ, ತಿಳಿಯಾಗಿ ಬರುವ ತನಕ ಮತ್ತೆ ಮತ್ತೆ. ಆಮೇಲೆ ಸೋಪಿನ ಬಿಸಿನೀರು, ಬರೀ ನೀರು, ಗಾಳಿ, ಬಿಸಿಲು. ಪೂರ್ತಿ ಒಣಗದೆ ಹಾಕಬೇಡಿ. ಪೆಟ್ರೋಲ್ ಬಳಸಬೇಡಿ. ಹಳೇ ಟರ್ಬೊದ ರೆಕ್ಕೆ ಮುರಿದಿದ್ದರೆ ಮಾತ್ರ ತೊಳೆಯುವ ಮಾತೇ ಇಲ್ಲ. ಅಲ್ಯೂಮಿನಿಯಂ ಚೂರು ಒಳಗಿನ ತೆಳು ನಾಳಗಳಲ್ಲಿ ಸಿಕ್ಕಿ, ಎಂದೋ ಒಂದು ದಿನ ಕಳಚಿ ಸಿಲಿಂಡರಿಗೆ ಹೋಗುತ್ತದೆ. ಇಂಟರ್‌ಕೂಲರನ್ನೇ ಬದಲಿಸಿ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಯಾದರೆ ಇನ್ನೊಂದು ಎಚ್ಚರ. ಎಣ್ಣೆ ನೆಂದ ಡಿಪಿಎಫ್‌ಗೆ ಸ್ಕ್ಯಾನರ್ ಹಾಕಿ ಬಲವಂತದ ರೀಜನರೇಷನ್ (ಮಸಿಯನ್ನು ಒಳಗೇ ಸುಟ್ಟು ತೆಗೆಯುವುದು) ಮಾಡಿಸಬೇಡಿ. ಎಣ್ಣೆ ಒಳಗೇ ಹೊತ್ತಿಕೊಂಡು ಸೆರಾಮಿಕ್ ಗೂಡು ಕರಗುತ್ತದೆ. ಮೊದಲು ಅದನ್ನು ಬಿಚ್ಚಿ ಎಣ್ಣೆ ತೆಗೆಸಬೇಕು.

ಪ್ರಶ್ನೆ: ಹೊಗೆ ನಿಲ್ಲಲು 20ಡಬ್ಲ್ಯೂ–50 ದಪ್ಪ ಆಯಿಲ್ ಹಾಕಿ, ಜೊತೆಗೆ ಅರ್ಧ ಲೀಟರ್ ಜಾಸ್ತಿ ತುಂಬಿ ಎಂದು ಒಬ್ಬರು ಹೇಳಿದರು. ಸರಿಯೇ?
– ಓದುಗರು, ತುಮಕೂರು

ಉತ್ತರ: ಎರಡೂ ತಪ್ಪು, ಎರಡನೆಯದು ಇನ್ನೂ ದೊಡ್ಡ ತಪ್ಪು. ದಪ್ಪ ಎಣ್ಣೆ ಬೆಳಗಿನ ತಣ್ಣನೆ ಸ್ಟಾರ್ಟಿನಲ್ಲಿ ಟರ್ಬೊ ಮುಟ್ಟಲು ತಡ ಮಾಡುತ್ತದೆ, ಕೆಳಗೆ ಇಳಿಯಲೂ ತಡ ಮಾಡುತ್ತದೆ. ನಿಮಗೆ ಬೇಕಿರುವುದು ಬೇಗ ಇಳಿಯುವುದು. ಮ್ಯಾನುಯಲ್‌ನಲ್ಲಿ 5ಡಬ್ಲ್ಯೂ–30 ಎಂದಿದ್ದರೆ ಅದೇ ಹಾಕಿ, ಡಿಪಿಎಫ್ ಇದ್ದರೆ ಅದಕ್ಕೆ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು.

ಅಳತೆ ಮೀರಿ ತುಂಬಿದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ಬ್ರೀದರಿನಲ್ಲಿ ಎಣ್ಣೆ ಉಕ್ಕುತ್ತದೆ, ಟರ್ಬೊದ ರಿಟರ್ನಿಗೂ ಅಡ್ಡಿ. ಹಾಸನದ ಓದುಗರು ಹೇಳಿದಂಥ 1248 ಸಿಸಿ ಎಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 3 ಲೀಟರ್ ಸಾಕು. ‘ನಾಲ್ಕು ಲೀಟರ್ ಡಬ್ಬಿ ತಂದಿದ್ದೇವೆ, ಪೂರ್ತಿ ಹಾಕಿ’ ಎಂದರೆ ಹೊಗೆ ಗ್ಯಾರಂಟಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ, ಮೇಲಿನ ಗುರುತು ದಾಟಿರಬಾರದು. ಹಾಕದೆಯೇ ಮಟ್ಟ ಏರುತ್ತಿದ್ದರೆ ಎಣ್ಣೆಗೆ ಡೀಸೆಲ್ ಸೇರುತ್ತಿದೆ. ಕಡ್ಡಿ ಮೂಸಿದರೆ ವಾಸನೆ ಗೊತ್ತಾಗುತ್ತದೆ. ಆ ತೆಳುವಾದ ಎಣ್ಣೆ ಟರ್ಬೊ ಬೇರಿಂಗಿಗೆ ವಿಷ, ತಕ್ಷಣ ಬದಲಿಸಿ, ಇಂಜೆಕ್ಟರ್ ನೋಡಿಸಿ.

ಪ್ರಶ್ನೆ: ಟರ್ಬೊ ಬದಲಿಸಿದ ಮೇಲೆ ನೀಲಿ ಹೊಗೆ ಇಲ್ಲ, ಆದರೆ ಏರಿನಲ್ಲಿ ಕಪ್ಪು ಹೊಗೆ, ಪಿಕಪ್ ಇಲ್ಲ. ಸ್ಕ್ಯಾನರಿನಲ್ಲಿ ಪಿ0299 ಎಂದು ಬರುತ್ತದೆ.
– ಓದುಗರು, ಮಡಿಕೇರಿ

ಉತ್ತರ: ಪಿ0299 ಎಂದರೆ ಗಾಳಿಯ ಒತ್ತಡ ಸಾಲುತ್ತಿಲ್ಲ. ಡೀಸೆಲ್ ಬಂದು ಗಾಳಿ ಬರದಿದ್ದರೆ ಕಪ್ಪು ಹೊಗೆಯೇ. ಟರ್ಬೊ ಬದಲಿಸಿದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಬಿಚ್ಚಿ ಜೋಡಿಸಿದ ಹೋಸುಗಳು. ಒಳಗೆ ಎಣ್ಣೆ ಜಿಡ್ಡಿದ್ದರೆ ಕ್ಲಾಂಪ್ ಬಿಗಿದರೂ ಹೋಸ್ ಜಾರುತ್ತದೆ. ಜಿಡ್ಡು ಒರೆಸಿ ಕೂರಿಸಿ, ಸೋಪುನೀರು ಹಚ್ಚಿ ಒತ್ತಡ ಪರೀಕ್ಷೆ ಮಾಡಿಸಿ. ಆಮೇಲೆ ಟರ್ಬೊದ ಒತ್ತಡ ಹಿಡಿತದಲ್ಲಿಡುವ ಸಲಾಕೆಯನ್ನು ಎಳೆಯುವ ಆಕ್ಚುಯೇಟರಿನ ವ್ಯಾಕ್ಯೂಮ್ ಪೈಪು: ಕೈ ಪಂಪಿನಿಂದ ಎಳೆದಾಗ ಸಲಾಕೆ ತಡೆಯಿಲ್ಲದೆ ಪೂರ್ತಿ ಚಲಿಸಿ, ಹಾಗೇ ನಿಲ್ಲಬೇಕು. ಇಜಿಆರ್ ವಾಲ್ವ್ (ಉರಿದ ಅನಿಲದ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ. ವಿಜಿಟಿ ಟರ್ಬೊದ (ಬಿಸಿ ಕಡೆಯ ರೆಕ್ಕೆಗಳ ಕೋನ ಬದಲಾಗುವ ಟರ್ಬೊ) ಸ್ಟಾಪ್ ಸ್ಕ್ರೂ ತಿರುಗಿಸಿ ಪಿಕಪ್ ತರುತ್ತೇವೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ. ಅದನ್ನು ಗಾಳಿಯ ಹರಿವು ಅಳೆಯುವ ಯಂತ್ರದಲ್ಲಿಟ್ಟೇ ಹೊಂದಿಸಿರುತ್ತಾರೆ, ಕಣ್ಣಂದಾಜಿಗೆ ಬರುವುದಿಲ್ಲ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರು. ಚಾರ್ಮಾಡಿ ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದರೆ ಒಂದು ಸಲ ಬುಸ್ ಎಂದು ನೀಲಿ ಹೊಗೆ, ಆಮೇಲೆ ಇಲ್ಲ. ಟರ್ಬೊ ಬದಲಿಸಬೇಕೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಈಗಲೇ ಬೇಡ. ಇಳಿಜಾರಿನಲ್ಲಿ ಕಾಲು ತೆಗೆದು ಗೇರಿನಲ್ಲೇ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ಸಿಲಿಂಡರಿನ ಕಡೆ ಜೋರು ಎಳೆತ ಹುಟ್ಟುತ್ತದೆ. ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ, ಇಲ್ಲವೇ ಪಿಸಿವಿ ವಾಲ್ವ್ (ಚೇಂಬರಿನ ಗಾಳಿಯನ್ನು ಎಂಜಿನ್ನಿಗೆ ಹಿಂದಿರುಗಿಸುವ ವಾಲ್ವ್) ತೆರೆದೇ ನಿಂತಿದ್ದರೆ, ಎಣ್ಣೆ ಆ ಎಳೆತಕ್ಕೆ ಒಳಗೆ ಬಂದು, ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದಾಗ ಉರಿಯುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲೂ ಒಂದು ಬುಗ್ಗೆ ನೀಲಿ ಹೊಗೆ ಬರುತ್ತಿದ್ದರೆ ವಾಲ್ವ್ ಸೀಲ್ ಎಂದೇ ಹಿಡಿಯಿರಿ. ಪಿಸಿವಿ ಅಗ್ಗ, ಅದನ್ನು ಮೊದಲು ಬದಲಿಸಿ ನೋಡಿ. ಟ್ರಾಫಿಕ್ಕಿನಲ್ಲಿ ಐದು–ಹತ್ತು ನಿಮಿಷ ಐಡ್ಲಿಂಗ್ ಆದ ಮೇಲೆ ಹೊರಟಾಗಲೂ ಹೊಗೆ ಬಂದರೆ ಮಾತ್ರ ಟರ್ಬೊದ ರಿಟರ್ನ್ ಪೈಪು ಬಿಚ್ಚಿಸಿ.

ಪ್ರಶ್ನೆ: ಟರ್ಬೊ ಕೆಲಸ ಆದ ಮರುದಿನವೇ ಎಮಿಷನ್ ಟೆಸ್ಟಿಗೆ ಹೋದೆ, ಫೇಲಾಯಿತು. ಬಿಎಸ್4 ಡೀಸೆಲ್ ಕಾರು.
– ಓದುಗರು, ಬೆಂಗಳೂರು

ಉತ್ತರ: ಬಿಎಸ್4 ಡೀಸೆಲ್‌ಗೆ ಹೊಗೆಯ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯುವ ಮಾನ), ಅದಕ್ಕಿಂತ ಹಳೆಯದಕ್ಕೆ 65. ಸೈಲೆನ್ಸರಿನಲ್ಲಿ ಉಳಿದ ಎಣ್ಣೆ ಆ ಅಳತೆಯನ್ನು ಏರಿಸುತ್ತದೆ. ಹೆದ್ದಾರಿಯಲ್ಲಿ 50 ಕಿ.ಮೀ. ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಟೆಸ್ಟಿಗೆ ನಿಲ್ಲಿಸಿ. ಆ ಪರೀಕ್ಷೆಯಲ್ಲಿ ಪೂರ್ತಿ ರೇಸ್ ಕೊಡುತ್ತಾರೆ. ಆದ್ದರಿಂದ ಇಂಟರ್‌ಕೂಲರ್ ತೊಳೆದಿದ್ದಾರೆಯೇ ಎಂದು ಗ್ಯಾರೇಜಿನವರನ್ನು ಕೇಳಿ ಖಚಿತ ಮಾಡಿಕೊಂಡೇ ಹೋಗಿ.